ನೋವು ಇಳಿದ ಬೆಳಿಗ್ಗೆ

ಹರಿದಾಸಾ,

ನೀನು ಪೂಜೆ ಮುಗಿಸಿ ಬರುವಷ್ಟರಲ್ಲಿ ನಾನು ಹಂಪನಕಟ್ಟೆಗೆ, ಡಾಕ್ಟರರ ಹತ್ತಿರ ಹೋಗಿರುತ್ತೇನೆ. ಗಂಜಿ ಒಲೆಯ ಬದಿಯಲ್ಲಿ ಉಂಟು. ನಿನ್ನ ಅಣ್ಣನಿಗೆ ಮಲಗಿದಲ್ಲೇ ಕುಡಿಸು, ಎಬ್ಬಿಸಿ ಕೂರಿಸಬೇಡ. ಡಾಕ್ಟರರು ಮಲಗಿಸಲು ಹೇಳಿದ ಹಲಗೆಯ ಮೇಲೆ ಮೆತ್ತನೆಯ ಹಾಸಿಗೆ ಹಾಕಲು ಅತ್ತೆ ಬಂದರೆ ಬಿಡಬೇಡ.

ರಾತ್ರಿಯಿಂದ ಇವರಿಗೆ ಸೊಂಟದ ನೋವು, ಕಾಲಿನ ಸೆಳೆತ ಎರಡೂ ಇಳಿದಿವೆ. ಪಂಡಿತರ ಎಣ್ಣೆ ತಾಗಿತೆಂದು ಅತ್ತೆ ತುಪ್ಪದ ದೀಪ ಇಟ್ಟಿದ್ದಾರೆ. ಇವರೂ ನಗುತ್ತಾ, "ಇನ್ನು ಮದ್ರಾಸೂ ಬೇಡ, ಬೆನ್ನು ಕೊಯ್ಯುವುದೂ ಬೇಡ ಮಾರಾಯ್ತಿ" ಎಂದರು.

ಆದರೆ ಹೋದ ವಾರ ಡಾಕ್ಟರರು ನನ್ನೊಬ್ಬಳನ್ನೇ ಜಗಲಿಗೆ ಕರೆದು ಹೇಳಿದ್ದರು: "ಸೊಂಟದಲ್ಲಿ ನರ ಒತ್ತಿಕೊಂಡುಂಟು. ಬರೀ ನೋವಾದರೆ ಮಲಗಿಸಿ ಕಾಯುವ, ಹೆಚ್ಚಿನವರಿಗೆ ಅದರಲ್ಲೇ ಗುಣ ಆಗ್ತದೆ. ನೋವು ಇಳಿದು ಪಾದ ಮರಗಟ್ಟಿ ಜೋತುಬಿದ್ದರೆ ಮಾತ್ರ ಕಾಯ್ಲಿಕ್ಕೆ ಆಗುವುದಿಲ್ಲ." ಕೊಯ್ದರೆ ಖಂಡಿತ ನಡೆಯುತ್ತಾರಾ ಎಂದು ಕೇಳಿದೆ. "ಆ ಮಾತು ನಾನು ಕೊಡಲಾರೆ ಅಮ್ಮ" ಎಂದರು.

ಇದನ್ನು ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ. ನೀನೂ ಈಗ ಹೇಳಬೇಡ. ಇವರ ಪಂಚೆ, ಶಾಲು ಟ್ರಂಕಿಗೆ ಹಾಕಿಡು. ಡಾಕ್ಟರರು ಹೂಂ ಅಂದರೆ ಇವತ್ತಿನ ಮದ್ರಾಸ್ ಮೇಲ್ ರೈಲಿಗೇ ಹೊರಡಬೇಕಾದೀತು. ಹೋಗುವುದು ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಇವರು ನನ್ನನ್ನು ಕರೆದು, "ಬೇಕಾದರೆ ಪಾದ ಒತ್ತಿ ನೋಡು, ಎಂತದೂ ನೋವಿಲ್ಲ" ಎಂದರು. ನಾನು ಆಗಲೇ ಒತ್ತುತ್ತಾ ಕೂತಿದ್ದೆ, ಹರಿದಾಸಾ.

ರಮಾದೇವಿ ಅತ್ತಿಗೆ