ನಿನ್ನ ಹಾಡಿನ ಪುಸ್ತಕ ವಾಪಸ್ ಬಂತು

ಮಗನೇ ಲವೆಲ್,

ಈ ಕಾಗದ ಕಳಿಸಲು ನಿನ್ನ ವಿಳಾಸವೇ ನನ್ನಲ್ಲಿಲ್ಲ. ಜೈಲಿನಿಂದ ಬಿಟ್ಟ ದಿನವೇ ನೀನು ಮೆಂಫಿಸ್ ಬಿಟ್ಟು ಹೋದೆ ಎಂದು ಯಾರೋ ಹೇಳಿದರು.

ಇವತ್ತು ಬೆಳಿಗ್ಗೆ ಪತ್ತೇದಾರ ಪ್ರೂಯಿಟ್ ಬಂದು ನೀನು ರ‍್ಯಾಪ್ ಹಾಡು ಬರೆದಿಡುತ್ತಿದ್ದ ಪುಸ್ತಕ ವಾಪಸ್ ಕೊಟ್ಟ. ನಿನ್ನನ್ನು ಜೈಲಿಗೆ ಹಾಕಿದರಲ್ಲ, ಆ ಮದ್ಯದಂಗಡಿ ದೋಚಿದವನು ಮಾಲೀಕನ ಅಳಿಯನೇ ಅಂತೆ.

"ಹಾಗಾದ್ರೆ ನನ್ ಮಗ 'ಪಿಸ್ತೂಲು ಹಿಡಿದೋನು ನಾನೇ' ಅಂತ ಯಾಕ್ ಬರ್ದ?" ಎಂದೆ.

"ಹಾಡಲ್ವಾ ಮೇಡಂ! ಈ ಹುಡುಗ್ರೆಲ್ಲ ಹಾಗೇ ಬರೀತಾರೆ."

"ಒಂಬತ್ತು ತಿಂಗ್ಳು ಒಳಗಿಟ್ರಲ್ಲ, ಆಗ ಇದು ಹಾಡಾಗಿರ್ಲಿಲ್ವಾ?"

ಅವನು ಟೋಪಿ ಸರಿಮಾಡಿಕೊಂಡ. "ಪುಸ್ತಕ ತಂದ್ಕೊಟ್ಟಿದ್ದು ನೀವೇ ಅಲ್ವಾ?"

ಹೌದು, ನಿನ್ನ ದಿಂಬಿನಡಿಯಿಂದ ತೆಗೆದು ಪೊಲೀಸರಿಗೆ ಕೊಟ್ಟವಳು ನಾನೇ. ಈ ರ‍್ಯಾಪ್ ಹಾಡುಗಳೇ ಹುಡುಗರಿಗೆ ಕಳ್ಳತನ ಕಲಿಸುತ್ತದೆ ಎಂದು ಚರ್ಚಿನಲ್ಲಿ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಅದೇ ಚರ್ಚಿನಲ್ಲಿ ನಲವತ್ತು ವರ್ಷ ನಿಂತು, ನನ್ನಂಥ ಪಾಪಿ ಇನ್ನೊಬ್ಬಳಿಲ್ಲ ಎಂದು ಹಾಡಿದ್ದೇನೆ. ಏನು ಪಾಪ ಮಾಡಿದೆ ಎಂದು ವಿಚಾರಿಸಲು ಒಬ್ಬ ಪೊಲೀಸಿನವನೂ ಬಂದಿಲ್ಲ.

ಪುಸ್ತಕ ಈಗ ನಿನ್ನ ಹಾಸಿಗೆಯ ಮೇಲಿದೆ. ಅಲ್ಲಿಡುವ ಮುಂಚೆ, ದೇವರಾಣೆ, ಒಂದೊಂದೇ ಪುಟ ತಿರುವಿ ಮತ್ತೆ ನೋಡಿದೆ, ಬೇರೆ ಯಾವುದಾದರೂ ಕಳ್ಳತನದ ಸುಳಿವು ಸಿಕ್ಕೀತೇನೋ ಎಂದು.

ನಿನ್ನ ಅಮ್ಮ