ಬಾಗಿಲು ಮುಚ್ಚಿ ಬಡಿಸಿದ ಊಟ

ನ್ಯೂ ಮಾಲ್ಡನ್, ಲಂಡನ್
3 ನವೆಂಬರ್ 2024

ರಜತನ ಅಪ್ಪನಿಗೆ,

ನಿಮ್ಮ ಕಾಗದ ಬಂತು. ಉತ್ತರದ ಮೇಲ್ಗಡೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಹಾಗಾಗಿ ಯಾವತ್ತಿನಂತೆ ಮಗನ ಹೆಸರು ಹಿಡಿದೇ ಕರೆದಿದ್ದೇನೆ.

ನಾನು ನಟಿಸಿದ ಸಿನಿಮಾವನ್ನು ಕನ್ನಡ ಸಂಘದವರು ಸ್ಟ್ಯಾನ್ಮೋರಿನ ಹಾಲ್‌ನಲ್ಲಿ ತೋರಿಸಿದರಂತೆ. ನೀವು ಲೆಸ್ಟರ್‌ನಿಂದ ಬಂದು ಕೊನೆಯ ಸಾಲಿನಲ್ಲಿ ಕೂತು ಅತ್ತಿರಂತೆ. ಅಳುವುದು ನಿಮ್ಮ ಇಷ್ಟ. ಆದರೆ ಮುಗಿದ ಮೇಲೆ ‘ಈ ಕಥೆಯ ನಿಜವಾದ ನಾಯಕ’ ಎಂದು ನಿಮ್ಮನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರಂತಲ್ಲ, ನೀವು ಅದನ್ನು ಹೊದ್ದುಕೊಂಡಿರಂತಲ್ಲ! ರಜತ್ ಕ್ಯಾನರಿ ವಾರ್ಫ್‌ನ ಆಫೀಸಿನಿಂದಲೇ ಫೋಟೊ ಕಳಿಸಿದ. ಅಪ್ಪ ತುಂಬ ಬದಲಾಗಿದ್ದಾರೆ, ಒಂದು ಚಾನ್ಸ್ ಕೊಡು ಎಂದು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದ. ಫೋಟೊದಲ್ಲಿ ನೀವು ಕೈ ಮುಗಿದು ಮದುಮಗನ ಹಾಗೆ ನಿಂತಿದ್ದೀರಿ. ಬಾಯಿಗಿಟ್ಟ ಚಹಾವನ್ನು ಸಿಂಕಿಗೆ ಉಗುಳಿ ಬಂದೆ.

ಈ ಶನಿವಾರ ಬ್ಯಾಗು ಹಿಡಿದುಕೊಂಡು ಬಂದೇಬಿಡುತ್ತೇನೆ, ನೀನು ಕ್ಷಮಿಸಿದ್ದನ್ನು ಕಣ್ಣಾರೆ ನೋಡಿದೆ ಎಂದು ಬರೆದಿದ್ದೀರಿ. ಹೊರಡುವ ಮೊದಲು ಇದನ್ನು ಕೊನೆಯವರೆಗೆ ಓದಿ.

ಮೊದಲು ಸಿನಿಮಾದಲ್ಲಿ ಗಂಡನಾಗಿ ನಟಿಸಿದ ಆ ಮೊಕ್ ಯಾರು ಎಂದು ಹೇಳುತ್ತೇನೆ, ಅವನ ಮೇಲೂ ನನಗೆ ಸಿಟ್ಟಿದೆ. ಮೊಕ್ ಜೇ-ಇಲ್ ನನ್ನ ಕೆಳಗಿನ ಫ್ಲಾಟಿನವನು, ಕೊರಿಯಾದ ಬುಸಾನಿನವನು. ಒಂದು ದಿನ ಒಣಮೀನು ಹುರಿಯುತ್ತಿದ್ದೆ. ಬಾಗಿಲು ಬಡಿದ ಶಬ್ದ ಕೇಳಿ, ಮತ್ತೆ ಯಾರೋ ಕೌನ್ಸಿಲ್‌ಗೆ ದೂರು ಕೊಡುವವರು ಬಂದರು ಎಂದುಕೊಂಡೆ. ಇವನು ತಟ್ಟೆ ಹಿಡಿದುಕೊಂಡು ನಿಂತಿದ್ದ, ಒಂದು ತುಂಡು ಸಿಗಬಹುದೇ ಎಂದು. ಪರಿಚಯವಾದದ್ದು ಹಾಗೆ.

ಅವನು ಸಿನಿಮಾ ಮಾಡುವವನು, ತನ್ನ ಸಿನಿಮಾದಲ್ಲಿ ತಾನೇ ನಟಿಸುವವನು. ಮೊದಲನೆಯದಕ್ಕೆ ನಟನನ್ನು ಕರೆತರುವ ತಾಕತ್ತಿರಲಿಲ್ಲವಂತೆ, ತನ್ನ ಬಾಡಿಗೆ ಕೋಣೆಯಲ್ಲಿ ತಾನೇ ವಾಚ್‌ಮ್ಯಾನ್ ಆದ. ಆಮೇಲೆ ಅದೇ ಚಟವಾಯಿತು. ಹೊಟ್ಟೆಪಾಡಿಗೆ ದೊಡ್ಡವರ ಸಿನಿಮಾಗಳಲ್ಲಿ ಕಳ್ಳನಾಗಿ, ಪೊಲೀಸರು ಬಟ್ಟೆ ಸರಿಸಿ ನೋಡುವ ಹೆಣವಾಗಿ ನಟಿಸುತ್ತಾನೆ. ಅಲ್ಲಿ ದುಡಿದದ್ದನ್ನೆಲ್ಲ ತನ್ನ ಸಿನಿಮಾಕ್ಕೆ ಸುರಿಯುತ್ತಾನೆ. ಊರೂರಿನ ಫೆಸ್ಟಿವಲ್‌ನವರು ಕರೆದು ಚಪ್ಪಾಳೆ ತಟ್ಟುತ್ತಾರೆ, ಥಿಯೇಟರಿನವರು ಮಾತ್ರ ಮೂಸಿಯೂ ನೋಡುವುದಿಲ್ಲ. ಅಂಥ ಒಂದು ಫೆಸ್ಟಿವಲ್‌ಗೆಂದು ಲಂಡನ್ನಿಗೆ ಬಂದವನು ಇಲ್ಲಿಯೇ ಉಳಿದ.

ಅವನು ಕಥೆಯನ್ನು ಪೂರ್ತಿ ಬರೆದಿಟ್ಟುಕೊಳ್ಳುವವನಲ್ಲ. ಹಿಂದಿನ ದಿನ ಕೇಳಿದ ಮಾತಿನಿಂದ ಬೆಳಿಗ್ಗೆ ಒಂದು ಪುಟ ಬರೆಯುತ್ತಾನೆ, ಮಧ್ಯಾಹ್ನ ಅದನ್ನು ಶೂಟ್ ಮಾಡುತ್ತಾನೆ. ಒಮ್ಮೆ ತೆಗೆದದ್ದನ್ನು ಎರಡನೇ ಸಲ ತೆಗೆಯುವುದಿಲ್ಲ. ತಪ್ಪಾದರೆ ತಪ್ಪೇ ಇರಲಿ ಎನ್ನುತ್ತಾನೆ. ನನ್ನ ಬಳಿಯೂ ದಿನಾ ಊಟಕ್ಕೆ ಕೂತು ನಿಮ್ಮ ಕಥೆ ಕೇಳಿದ. ನಾನು ಹೇಳಿದೆ. ಮುಚ್ಚಿಡಲು ನನ್ನ ಹತ್ತಿರ ಏನಿತ್ತು?

ಆಪರೇಷನ್ ಆಗಿ ನಾನು ಮನೆಗೆ ಬಂದದ್ದು, ಎದೆಯ ಗಾಯ ಕೀವಾದದ್ದು, ನೀವು ಬಾಗಿಲಲ್ಲಿ ಮೂಗಿಗೆ ಟವೆಲ್ ಹಿಡಿದು ನಿಂತದ್ದು ಎಲ್ಲವನ್ನೂ ಹೇಳಿದೆ. ‘ಈ ವಾಸ್ನಿಯಲ್ ಮನಿಕಂಬುಕೆ ಆತಿಲ್ಲೆ’ ಎಂದು ನೀವು ದಿಂಬು ಎತ್ತಿಕೊಂಡು ಮಲಗಲು ನಿಮ್ಮ ಕೆಲಸದ ರೆಸ್ಟೋರೆಂಟಿಗೆ ಹೋದದ್ದು, ಅಲ್ಲಿಂದ ಲೆಸ್ಟರ್‌ಗೆ ಹೋದದ್ದು, ‘ವಸಂತಿಗೆ ತಲೆ ಸರಿಯಿಲ್ಲ, ಅವಳೇ ನನ್ನನ್ನು ಓಡಿಸಿದಳು’ ಎಂದು ಊರಿಗೆಲ್ಲ ಹೇಳಿಕೊಂಡು ಬಂದದ್ದು. ಗಾಯ ತೊಳೆಯುತ್ತಿದ್ದದ್ದು ಡಾಕ್ಟರ ಕ್ಲಿನಿಕ್ಕಿನ ನರ್ಸ್. ನೀವಲ್ಲ.

ಸಿನಿಮಾದಲ್ಲಿ ಏನಾಯಿತು, ನೀವೇ ನೋಡಿದ್ದೀರಿ. ಗಂಡ ಬಿಸಿನೀರು ತಂದು, ಹೆಂಡತಿಯ ಗಾಯ ಒರೆಸುತ್ತಾನೆ. ಆ ಪುಟ ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಇವನು ಯಾವಳ ಗಂಡ ಎಂದು ಕೇಳಿದೆ. ಟವೆಲ್ ಹಿಡಿದು ಮೂರ್ನಾಲ್ಕು ಸಲ ಅಭ್ಯಾಸ ಮಾಡಿದೆ, ಕೈ ಮೂಗಿನವರೆಗೆ ಏಳಲೇ ಇಲ್ಲ ಎಂದ ಅವನು. ಹೆಣವಾಗಿ ಬಿದ್ದುಕೊಳ್ಳಲು ಅವನಿಗೆ ನಾಚಿಕೆಯಿಲ್ಲ, ಕಳ್ಳನಾಗಿ ಒದೆ ತಿನ್ನಲು ನಾಚಿಕೆಯಿಲ್ಲ. ನೀವಾಗಲು ಮಾತ್ರ ಅವನ ಕೈಯಲ್ಲಿ ಆಗಲಿಲ್ಲ. ನೀವು ಸ್ಟ್ಯಾನ್ಮೋರಿನಲ್ಲಿ ಶಾಲು ಹೊದ್ದುಕೊಂಡದ್ದು ಅವನು ಒರೆಸಿದ ಗಾಯಕ್ಕೆ. ಇದಕ್ಕಿಂತ ಹೇಸಿಗೆ ಇನ್ನೇನಿದೆ?

ಶೂಟಿಂಗ್ ನಡುವೆ ಅವನ ಹಳೆಯ ಸಿನಿಮಾಗಳನ್ನೆಲ್ಲ ಇಲ್ಲಿಯ ಒಂದು ಸಣ್ಣ ಥಿಯೇಟರಿನಲ್ಲಿ ಹಾಕಿದ್ದರು. ಎಲ್ಲವನ್ನೂ ನೋಡಿದೆ. ಎಲ್ಲದರಲ್ಲಿಯೂ ಅವನು ಏನೋ ಒಂದು ಅನ್ಯಾಯ ಮಾಡುತ್ತಾನೆ, ಎಲ್ಲದರ ಕೊನೆಗೂ ಒಬ್ಬಳು ಹೆಂಗಸು ಅವನನ್ನು ಒಳಗೆ ಕರೆಯುತ್ತಾಳೆ. ಹೊರಗೆ ಬಂದ ಮೇಲೆ, ನೀನು ಯಾರನ್ನು ಬಿಟ್ಟು ಬಂದಿದ್ದೀ ಎಂದು ನೇರವಾಗಿ ಕೇಳಿದೆ. ಬುಸಾನಿನಲ್ಲಿ ಹೆಂಡತಿ, ಮಗಳು ಇದ್ದಾರೆ ಎಂದ. ಸಿನಿಮಾ ಮಾಡುತ್ತೇನೆಂದು ಹೊರಟವನು ಮತ್ತೆ ಆ ಕಡೆ ತಲೆ ಹಾಕಿಲ್ಲ. ನನಗೆ ಬಸ್ಸಿನಲ್ಲಿ ಅವನ ಪಕ್ಕ ಕೂರಲೂ ಮನಸ್ಸಾಗಲಿಲ್ಲ, ಮೇಲಿನ ಡೆಕ್ಕಿಗೆ ಹೋಗಿ ಕೂತೆ.

ಇನ್ನು ಆ ಕೊನೆಯ ದೃಶ್ಯ. ಅದನ್ನು ನೆಚ್ಚಿಕೊಂಡೇ ತಾನೆ ನೀವು ಬ್ಯಾಗು ಕಟ್ಟಿರುವುದು?

ನಿನ್ನ ಗಂಡ ವಾಪಸು ಬಂದರೆ ಏನು ಹೇಳುತ್ತಾನೆ ಎಂದು ಹಿಂದಿನ ದಿನ ಕೇಳಿದ್ದ. ಅವರು ಬರುವುದೂ ಇಲ್ಲ, ‘ತಪ್ಪಾಯ್ತ್ ಮಾರಾಯ್ತಿ’ ಎಂದು ಹೇಳುವುದೂ ಇಲ್ಲ ಎಂದೆ. ಅಷ್ಟನ್ನು ಬಾಯಿಪಾಠ ಮಾಡಿಕೊಂಡುಬಿಟ್ಟ! ಮರುದಿನ ಪುಟದಲ್ಲಿ ಇದ್ದದ್ದು ಇಷ್ಟೇ: ಬಿಟ್ಟುಹೋದ ಗಂಡ ಬರುತ್ತಾನೆ, ತಪ್ಪಾಯಿತು ಎನ್ನುತ್ತಾನೆ, ಹೆಂಡತಿ ಬಡಿಸುತ್ತಾಳೆ. ಹೇಗೆ ಬಡಿಸಬೇಕು ಎಂದು ಬರೆದಿರಲಿಲ್ಲ, ಅಡುಗೆ ನಿನ್ನ ಇಷ್ಟ ಎಂದ. ನಾನು ಸೌತ್‌ಹಾಲ್‌ನ ಇಂಡಿಯನ್ ಅಂಗಡಿಗೆ ಹೋಗಿ ಬಾಳೆಲೆ ತಂದೆ.

ನೀವು ಏನೆಲ್ಲ ಬರೆದಿದ್ದೀರಿ! ನೀನು ಕೋಳಿ ಸುಕ್ಕ ಮಾಡಿದ್ದೆ, ಬಂಗಡೆ ಹುರಿದಿದ್ದೆ, ನನಗೆ ಇಷ್ಟವಾದದ್ದು ಒಂದೂ ತಪ್ಪಲಿಲ್ಲ ಎಂದು. ನೀನು ಎಲೆಯ ಪಕ್ಕ ಗ್ಲಾಸಿನಲ್ಲಿ ಬ್ರಾಂದಿ ಇಟ್ಟೆ, ನನ್ನ ಸಿಗರೇಟನ್ನೂ ಮರೆಯಲಿಲ್ಲ ಎಂದು. ಮದುವೆಯಾದಾಗಿನಿಂದ ನನ್ನ ಹೆಸರು ಹೇಳದವಳು ‘ದೇಜಪ್ಪ, ಬಂದು ಉಣ್ಣಿ’ ಎಂದಾಗ ಮೈ ಜುಂ ಎಂದಿತು ಎಂದು. ಆಮೇಲೆ ನಾನು ಹೊರಗೆ ಬಂದು ಬಾಗಿಲು ಮುಚ್ಚಿ ತಲೆ ಬಗ್ಗಿಸಿ ನಿಂತದ್ದನ್ನು ನೋಡಿ, ಗಂಡನ ಎದುರು ಇನ್ನೂ ಎಂಥ ನಾಚಿಕೆ ಎಂದುಕೊಂಡಿರಂತೆ.

ಇಲ್ಲಿಯ ಪೇಪರಿನವರೂ ಆ ಮುಚ್ಚಿದ ಬಾಗಿಲನ್ನು ಹೊಗಳಿ ಬರೆದರು. ಅವರಿಗೆ ಗೊತ್ತಾಗದಿದ್ದರೆ ಆಶ್ಚರ್ಯವಿಲ್ಲ. ಆದರೆ ನೀವು ಕುಂದಾಪುರದಲ್ಲಿ ಹುಟ್ಟಿದವರಲ್ಲವೇ? ಮಾವ ತೀರಿಕೊಂಡಾಗ ನೀವೇ ಎಲೆ ಹಾಕಿದ್ದಿರಿ. ಅವರಿಗೆ ಸೇರುತ್ತಿದ್ದ ಏಡಿ ಸಾರು ಮಾಡಿಸಿದ್ದಿರಿ, ಎಲೆಯ ಪಕ್ಕ ಕಳ್ಳು, ಬೀಡಿಕಟ್ಟು ಇಟ್ಟಿದ್ದಿರಿ. ಹೆಸರು ಹಿಡಿದು ಕರೆದು, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಎಳೆದುಕೊಂಡಿರಿ. ಮಾತಾಡಬೇಡ, ಅಜ್ಜ ಉಣ್ಣುತ್ತಿದ್ದಾರೆ ಎಂದು ಪುಟ್ಟ ರಜತನನ್ನು ಗದರಿಸಿದಿರಿ. ಎಲ್ಲ ಮರೆತುಹೋಯಿತೇ?

ನಾನು ಊಟಕ್ಕೆ ಕರೆದದ್ದು ಸತ್ತವರನ್ನು ಕರೆಯುವ ಹಾಗೆ. ಶೂಟಿಂಗ್ ಮುಗಿದ ಮೇಲೆ ಮೊಕ್‌ನಿಗೆ ಇದನ್ನು ಬಿಡಿಸಿ ಹೇಳಿದೆ. ಹಾಗಾದರೆ ಆ ಎಲೆಯನ್ನು ನನಗೂ ಹಾಕಿದ್ದೇ ಎಂದು ಕೇಳಿದ. ಅರ್ಧ ನಿನಗೇ ಎಂದೆ. ಅವನು ಆ ದೃಶ್ಯವನ್ನು ತೆಗೆದುಹಾಕಲಿಲ್ಲ. ಮಗಳಿಗೆ ಫೋನ್ ಮಾಡುತ್ತೇನೆ ಎಂದ. ಮಾಡಿದನೋ ಇಲ್ಲವೋ, ನಾನು ಕೇಳಿಲ್ಲ. ಒಂದು ಮಾತು ಹೇಳಬೇಕು, ಅವನಿಗೆ ಹೇಳಿದ ಮೇಲಾದರೂ ಅರ್ಥವಾಯಿತು. ನಿಮಗೆ ಶಾಲು ಬೇಕಾಯಿತು.

ಶನಿವಾರ ಬರಬೇಡಿ. ಬಂದರೆ ಬಾಗಿಲು ತೆಗೆಯುವುದಿಲ್ಲ. ರಜತನಿಗೂ ಹೇಳಿದ್ದೇನೆ, ಅವನು ಅಪ್ಪನನ್ನು ತನ್ನ ಮನೆಗೆ ಕರೆದರೆ ನನ್ನದೇನೂ ಅಡ್ಡಿಯಿಲ್ಲ. ನನ್ನ ಗಾಯ ಮಾಗಿದೆ, ಮನೆಯಲ್ಲಿ ಈಗ ಒಣಮೀನಿನ ವಾಸನೆ ಮಾತ್ರ. ಅದು ನನಗೆ ಹಿತವಾಗಿದೆ.

ಬಡಿಸಿ ಕೈ ತೊಳೆದುಕೊಂಡವಳು,
ವಸಂತಿ

ತಾ.ಕ.: ಸಿಗರೇಟಿನ ವಿಷಯ. ಈ ದೇಶದಲ್ಲಿ ಎಲ್ಲ ಪ್ಯಾಕುಗಳಿಗೂ ಒಂದೇ ಕೆಸರು ಬಣ್ಣ. ದೂರದಿಂದ ನೋಡಿ ಅದು ನಿಮ್ಮದೆಂದು ನಿಮಗೆ ಹೇಗೆ ಗೊತ್ತಾಯಿತೋ! ಅದು ಮೊಕ್‌ನ ಜೇಬಿನಿಂದ ತೆಗೆದಿಟ್ಟದ್ದು. ಅಂಗಡಿಯಲ್ಲಿ ನಿಂತು ಎಷ್ಟು ಯೋಚಿಸಿದರೂ ನೀವು ಸೇದುತ್ತಿದ್ದದ್ದು ಯಾವುದೆಂದು ನನಗೆ ನೆನಪಾಗಲಿಲ್ಲ.