ಮರಳಿ ತುಂಬದ ಪುಡಿ

ಹೊನ್ನಾಳಿ
೧೨ ಜನವರಿ ೧೯೮೩

ಗೆಳೆಯ ಪಂಚಾಕ್ಷರಿ,

ಜಗಳೂರಿನಿಂದ ನೀನು ನಿನ್ನ ಅಕ್ಕ ಕಲ್ಲಮ್ಮನವರ ಕೈಯಲ್ಲಿ ಬರೆಸಿದ ಕಾಗದ ತಲುಪಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತರೂ ನೀನು ಕೇಳುವುದು ನಮ್ಮ ಕಾಲೇಜಿನ ಪ್ರಯೋಗಶಾಲೆಯ ವಿಷಯವನ್ನೇ: ಪುಡಿ ಜಲಜನಕವನ್ನು ಮರಳಿ ಹಿಡಿಯಿತೇ? ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು.

ಇಲ್ಲ, ಹಿಡಿಯಲಿಲ್ಲ. ಜಲಜನಕವನ್ನು ಇಂಧನವಾಗಿ ಕೂಡಿಡಲು ನೀನು ಆರಿಸಿದ ಈ ಸೋಡಿಯಂ ಬೋರೋಹೈಡ್ರೈಡ್ ಪುಡಿ ವಿಚಿತ್ರ ಸ್ವಭಾವದ್ದು. ಬರೀ ಕಾಯಿಸಿದರೆ ಐನೂರು ಡಿಗ್ರಿಯವರೆಗೆ ಜಪ್ಪಯ್ಯ ಎಂದರೂ ಜಲಜನಕ ಬಿಡುವುದಿಲ್ಲ. ನೀರು ಬಿದ್ದರೆ ನಿಧಾನಕ್ಕೆ, ಹುಳಿ ಬಿದ್ದರೆ ಒಂದೇ ಉಸಿರಿಗೆ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಕೊನೆಗೆ ಉಳಿಯುವುದು ಅಕ್ಕಸಾಲಿಗರ ಬಿಳಿಗಾರದ ಜಾತಿಯ ಒಂದು ಉಪ್ಪು. ಅದನ್ನು ಕಾಯಿಸಿ, ಒತ್ತಡ ಹಾಕಿ ಜಲಜನಕ ತುಂಬಲು ನೋಡಿದೆ. ಬಂಡೆಯ ಮೇಲೆ ನೀರು ಸುರಿದಂತಾಯಿತು. ಸೀಮೆಎಣ್ಣೆಗೆ ಊರೇ ಸಾಲು ನಿಂತಿದ್ದ ವರ್ಷ ನೀನು, "ಜಗಳೂರು ಬಸ್ಸನ್ನ ಈ ಪುಡಿ ಮ್ಯಾಲೆ ಓಡಿಸ್ತೀನಿ, ನೋಡ್ತಿರು" ಎಂದಿದ್ದೆ. ಓಡುವುದಿಲ್ಲ ಮಾರಾಯ.

ಆಯುಧಪೂಜೆಯ ದಿನ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ. ತಕ್ಕಡಿ, ಬರ್ನರ್, ಗಾಜಿನ ಪಾತ್ರೆಗಳಿಗೆಲ್ಲ ಕುಂಕುಮ ಇಟ್ಟ ಅಟೆಂಡರ್ ದಾಸಪ್ಪ ನಿನ್ನ ಪುಡಿಯ ಬಟ್ಟಲ ಮುಂದೆ ನಿಂತು, "ಮುಚ್ಚಿಟ್ಟಿದ್ದಕ್ಕೆ ಪೂಜೆ ಮಾಡಿದ್ರೆ ಹೆಂಗೆ ಸಲ್ತೈತ್ರೀ ಸಾರ್?" ಎಂದ. ಅವನ ಮನಸ್ಸು ಯಾಕೆ ನೋಯಿಸಬೇಕೆಂದು ನೀನು ನಗುತ್ತ ಮುಚ್ಚಳ ತೆಗೆದೆ. ಬೇಡ ಎನ್ನುವಷ್ಟರಲ್ಲಿ ಅವನು ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಬಟ್ಟಲ ಮೇಲೆ ಹಿಂಡಿದ್ದ. ಪುಡಿ ಬುಸುಗುಟ್ಟಿ ನೊರೆ ಎದ್ದಿತು. ನೋಡಲು ನೀನು ಬಾಗಿದೆ. ಪಕ್ಕದ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಭಗ್ಗೆಂದ ಉರಿ ಆಗಲೇ ಆರಿತು, ಆದರೆ ಬಿಸಿ ಕ್ಷಾರ ನಿನ್ನ ಎರಡೂ ಕಣ್ಣಿಗೆ ಸಿಡಿದಿತ್ತು. ದಾಸಪ್ಪ ಅಂದಿನಿಂದ ಕೆಲಸಕ್ಕೆ ಬಂದಿಲ್ಲ. ನ್ಯಾಮತಿಯಲ್ಲಿ ಮಗಳ ಮನೆ ಸೇರಿದ್ದಾನೆ, ಯಾರೊಡನೆಯೂ ಮಾತಿಲ್ಲವಂತೆ.

ಕಲ್ಲಮ್ಮಕ್ಕಾ, ಇದನ್ನು ಓದಿ ಹೇಳುತ್ತಿರುವವರು ನೀವೇ. ಮುಂದಿನದನ್ನು ನುಂಗಬೇಡಿರಿ, ಗಟ್ಟಿಯಾಗಿ ಓದಿರಿ.

ಪಂಚಾಕ್ಷರಿ, ಯುಗಾದಿಗೆ ಪಟ್ಟಿ ಬಿಚ್ಚಿದರೆ ಕಾಣುತ್ತದೆ ಎಂದು ಮನೆಯವರು ಹೇಳುತ್ತಿರುವುದು ಸುಳ್ಳು. ನಿನ್ನ ಕಣ್ಣು ಬರುವುದಿಲ್ಲ. ವೈದ್ಯರು ದೀಪಾವಳಿಗೆ ಮೊದಲೇ ಹೇಳಿದ್ದರು. "ಇನ್ನೊಂದೀಟು ದಿನ ಆಸೇಲಿ ಇರ್ಲಿ ಬಿಡಪ್ಪ" ಎಂದು ನಿನ್ನ ತಾಯಿ ನನ್ನ ಕೈ ಹಿಡಿದುಕೊಂಡರು. ನಾನೂ ಸುಮ್ಮನಿದ್ದೆ. ಆದರೆ ಬೇಸಿಗೆಯ ಪ್ರಯೋಗಕ್ಕೆ ಜಲಜನಕದ ಹೊಸ ಸಿಲಿಂಡರ್ ತರಿಸು ಎಂದು ನೀನು ಬರೆಸಿದ್ದನ್ನು ಓದಿದ ಮೇಲೆ ಇನ್ನೂ ಮುಚ್ಚಿಡಲು ನನ್ನ ಕೈಲಾಗಲಿಲ್ಲ.

ಸಿಲಿಂಡರ್ ತರಿಸುವುದಿಲ್ಲ. ಗಾಯ ಮಾಗಿ ಬಹಳ ದಿನವಾಯಿತು. ಆ ಪಟ್ಟಿಯ ಕೆಳಗೆ ಈಗ ಔಷಧಿಯೂ ಇಲ್ಲ. ಈ ಹೊತ್ತೇ ಬಿಚ್ಚಿಬಿಡು. ಕತ್ತಲೆಯೇ ಇರುತ್ತದೆ.

ಶಿವನು ನಿನ್ನ ಕೈ ಬಿಡದಿರಲಿ ಎಂದು ಬರೆಯಬೇಕು, ಬರೆದಿದ್ದೇನೆ.

ನಿನ್ನ
ಮುರುಗೇಶಪ್ಪ